ನಾಲ್ಕನೇ ಬೆಡ್ಡಿನ ಗೆರೆ

ಸೋಮವಾರ, ಬೆಳಿಗ್ಗೆ 11

ಮತ್ತೆ ಅದೇ ರಗಳೆ. ಪರದೆ ಮೇಲೆ ನಾಲ್ಕನೇ ಬೆಡ್ಡಿನ ಗೆರೆ ಹುಚ್ಚೆದ್ದು ಕುಣಿಯಿತು. ಅಲಾರಂ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಆ ಬೆಡ್ಡಿನ ಟೀಚರಮ್ಮ ಆರಾಮಾಗಿ ಪದಬಂಧ ತುಂಬಿಸುತ್ತಾ ಕೂತಿದ್ದರು.

“ಏನಮ್ಮಾ, ಇವತ್ತೂ ಸತ್ತೆನಾ?”

ನಕ್ಕುಬಿಟ್ಟೆ. ಅವರ ಎದೆಬಡಿತ ನಮ್ಮ ಮಾನಿಟರ್ ರೂಮಿಗೆ ವೈರಿಲ್ಲದೆ ಬರುತ್ತೆ. ಕಿಟಕಿ ಕೆಳಗೆ ಗಾರ್ಡಣ್ಣ ವಾಕಿಟಾಕಿ ಒತ್ತಿದ ಅಂದರೆ ಗೆರೆ ಕೆಟ್ಟಿತು. ಗುರುವಾರ ಪೇಸ್‌ಮೇಕರ್ ಹಾಕುತ್ತಾರೆ. ಅಲ್ಲಿವರೆಗೆ ಕಣ್ಣಿಟ್ಟಿರಬೇಕಾದವಳು ನಾನು.

ಮಂಗಳವಾರ

ಐದು ಸಲ ಓಡಿದ್ದೇ ಬಂತು. ಇಂಜಿನಿಯರ್ ಬಂದ, ಎಲ್ಲಾ ಸರಿಯಿದೆ ಅಂದ, ಹೋದ. ನನ್ನ ಕಾಲು ಬಿದ್ದುಹೋಗಿದೆ.

ಹೊಸ ಉಪಾಯ — ಅಲಾರಂ ಮ್ಯೂಟ್, ಕಿಟಕಿಯಿಂದ ಒಂದು ಕೂಗು. “ಗಾರ್ಡಣ್ಣಾ, ಆಚೆ ಹೋಗಿ ಮಾತಾಡಿ!” ಅವನು ಹಲ್ಲು ಕಿರಿದು ಗೇಟಿನ ಕಡೆ ಹೋಗುತ್ತಾನೆ, ಗೆರೆ ತಣ್ಣಗಾಗುತ್ತೆ. “ಪರವಾಗಿಲ್ವೇ ನಿನ್ನ ತಲೆ” ಅಂದರು ಹೆಡ್ ಸಿಸ್ಟರ್. ಈಗ ಎಲ್ಲರೂ ಹಾಗೇ ಮಾಡುತ್ತಾರೆ.

ಗುರುವಾರ

ಪೇಸ್‌ಮೇಕರ್ ಸೋಮವಾರಕ್ಕೆ ಹೋಯಿತು. ಮಷೀನ್ ರಿಪೇರಿಯಂತೆ. ಟೀಚರಮ್ಮ ಮುಖ ಸಪ್ಪಗೆ ಮಾಡಿಕೊಂಡು, “ರಜೆ ಮುಂದಕ್ಕೆ ಹಾಕಿದ ಹಾಗಾಯ್ತು” ಅಂದರು. ಕೂಗಿದ್ದು ಏಳು ಸಲ.

ಶನಿವಾರ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗೆರೆ ಕುಣಿಯಿತು. ಮ್ಯೂಟ್. ಬರೆಯುತ್ತಿದ್ದ ಚಾರ್ಟ್ ಮುಗಿಸಿದೆ. ಆಮೇಲೆ ಕಿಟಕಿ. ಕೂಗಿದೆ. ಗೆರೆ ನಿಲ್ಲಲಿಲ್ಲ, ಇನ್ನೂ ಜೋರಾಗಿ ಕೂಗಿದೆ, ಬೈದೆ ಕೂಡ. ಗಾರ್ಡಣ್ಣ ಮೇಲೆ ನೋಡಿ ಎರಡೂ ಕೈ ಎತ್ತಿ ತೋರಿಸಿದ. ಖಾಲಿ.

“ಸಿಸ್ಟರ್, ಬೆಳಗಿಂದ ವಾಕಿಟಾಕಿ ಚಾರ್ಜಿಗಿದೆ!”

ಆಗ ಓಡಿದೆ… ಪದಬಂಧ ನೆಲದ ಮೇಲಿತ್ತು. ಪೆನ್ನು ಅವರ ಬೆರಳ ಸಂದಿಯಲ್ಲೇ ಇತ್ತು. ಎದೆ ಒತ್ತಿದೆವು, ಶಾಕ್ ಕೊಟ್ಟೆವು. ಹನ್ನೊಂದಕ್ಕೆ ಡಾಕ್ಟರ್ ಸಾಕು ಅಂದರು.

ನಾನೇ ಕೊಂದೆ ಅನಿಸುತ್ತಿದೆ. ಅನಿಸುವುದೇನು.

ಸೋಮವಾರ

ಹೆಡ್ ಸಿಸ್ಟರ್ ಬಾಗಿಲು ಹಾಕಿಕೊಂಡು ಹೇಳಿದರು: “ವಾಕಿಟಾಕಿಯಿಂದ ಆಯ್ತು ಅಂತ ಬರಿ. ಗಾರ್ಡಿಗೆ ಇನ್ನೊಂದು ಗೇಟಲ್ಲಿ ಕೆಲಸ ಸಿಗುತ್ತೆ ಕಣೇ. ನಿಂಗೆ?”

ಗಾರ್ಡಣ್ಣನಿಗೆ ಏನೂ ಗೊತ್ತಿಲ್ಲ. ಯಾರೂ ಕೂಗದಿದ್ದರೂ ಇವತ್ತು ಗೇಟಿನಾಚೆ ಬಿಸಿಲಲ್ಲಿ ನಿಂತೇ ಮಾತಾಡುತ್ತಿದ್ದಾನೆ. ನಾಲ್ಕನೇ ಬೆಡ್ಡು ಖಾಲಿ ಅಂತ ಅವನಿಗೆ ಯಾರಾದರೂ ಹೇಳಬೇಕು.

ವಿಚಾರಣೆಯ ಫಾರಂ ಮುಂದಿದೆ. ಅಲಾರಂ ಆದಾಗ ಏನು ಮಾಡಿದಿರಿ? ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

ಮ್ಯೂಟ್ ಒತ್ತಿದೆ. ಬೆಡ್ಡಿನ ಹತ್ತಿರ ಹೋಗಲಿಲ್ಲ. ಕಿಟಕಿಗೆ ಹೋಗಿ ಗಾರ್ಡಣ್ಣನ ಮೇಲೆ ಕೂಗಿದೆ. ಅವನ ಕೈಲಿ ವಾಕಿಟಾಕಿ ಇರಲಿಲ್ಲ.