ಸಿ.ಟಿ. ಯಂತ್ರದಲ್ಲಿ ನನ್ನ ದನಿ

ಜನವರಿ 9, ಬೆಳಿಗ್ಗೆ 11
ಸಂಕ್ರಾಂತಿ ಸೀರೆ ಸೇಲ್ ರೆಕಾರ್ಡಿಂಗ್. ಎಂದಿನಂತೆ ಬೀರು ತೆರೆದು, ಹೆಂಡತಿಯ ಸೀರೆಗಳ ನಡುವೆ ತಲೆ ತೂರಿಸಿ, ಕೈಯಲ್ಲಿ ಮೊಬೈಲು. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಹೊರಗಿನ ಗದ್ದಲ ಬರುವುದಿಲ್ಲ, ನುಸಿಗುಳಿಗೆ ವಾಸನೆ ಮಾತ್ರ.

“ಉಟ್ಟರೆ ಊರೇ ನೋಡಬೇಕು, ಕೊಟ್ಟರೆ ನಾದಿನಿ ಕುಣೀಬೇಕು!”

ಬಿ.ಎ. ಕನ್ನಡ ಓದಿದ್ದು ಸಾರ್ಥಕ. ನಾದಿನಿ ಎಂಬಲ್ಲಿ ಕೆಮ್ಮು. ಮತ್ತೆ ನಾದಿನಿ. ಮತ್ತೆ ಕೆಮ್ಮು.

ಹೊರಗೆ ಬಡೇಸಾಬ್ ಹಾರ್ನ್. ಮೈಕು ಕಟ್ಟಿದ ಅವನ ಆಟೋದಲ್ಲೇ ನನ್ನ ದನಿ ಊರು ಸುತ್ತುವುದು. “ಮಾಂತೇಶಣ್ಣಾ, ನಾದಿನಿ ಇನ್ನೂ ಕುಣಿದಿಲ್ಲೇನು?”

ಜನವರಿ 12
ಹರಿಹರದ ಸ್ಕ್ಯಾನ್ ಸೆಂಟರಿನಿಂದ ಫೋನು. ಟೆಕ್ನಿಷಿಯನ್ ಶಾಂತಕುಮಾರಿ. ಎದೆಯ ಸಿ.ಟಿ. ತೆಗೆಯುವಾಗ ಉಸಿರು ಹಿಡಿಯಲು ಯಂತ್ರವೇ ಹೇಳುತ್ತದಂತೆ, ಹಿಂದಿಯಲ್ಲಿ. ಸಾರಥಿ ಹಳ್ಳಿ ಕಡೆಯ ಹಿರಿಯರು ಅದನ್ನು ಕೇಳಿ ಗಾಬರಿಯಾಗಿ ಇನ್ನೂ ಜೋರಾಗಿ ಉಸಿರಾಡುತ್ತಾರೆ. ಎದೆ ಅಲುಗಿ ಚಿತ್ರ ಮಸುಕು. ಅದನ್ನೇ ಕನ್ನಡದಲ್ಲಿ ರೆಕಾರ್ಡ್ ಮಾಡಿ ಕೊಡಬೇಕಂತೆ.

ಬರೆದೆ: “ಎಳೆಯಿರಿ ಎದೆ ತುಂಬ ಉಸಿರು, ಆಗಲಿ ಒಳಗೆಲ್ಲ ಹಸಿರು, ಹಿಡಿಯಿರಿ ಅಲುಗದೆ ಗಟ್ಟಿ, ರೋಗದ ಬೆನ್ನು ಹತ್ತಿ...”

“ಅಣ್ಣಾರ, ನಿಮ್ಮ ಪದ್ಯ ಮುಗಿಯೋದ್ರೊಳಗ ಪೇಷಂಟೇ ಮುಗೀತಾರ. ಸಣ್ಣದು ಕೊಡ್ರಿ.”

ಸಣ್ಣದು: “ಉಸಿರು ಎಳ್ಕೊಳ್ರಿ... ಹಂಗೇ ಹಿಡ್ಕೊಳ್ರಿ... ಹೂಂ, ಇನ್ನು ಬಿಡ್ರಿ.” ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಕೇಳಿದೆ. “ನಿಮಗ ಆರಾಮಾಗಿ ಎಷ್ಟು ಹಿಡಿಯಾಕ ಆಗತೈತೋ ಅಷ್ಟು.” ನಾನೇ ಹಿಡಿದು ನೋಡಿ ಅಷ್ಟು ಬಿಟ್ಟೆ.

ಜನವರಿ 20
ಶಾಂತಕುಮಾರಿಯಿಂದ ದೂರು ಬಂತು.

“ನಿಮ್ಮ ದನಿಗೆ ಮರ್ಯಾದೆ ಜಾಸ್ತಿ ಆತ್ರಿ. ಹಿಡ್ಕೊಳ್ರಿ ಅಂದ ಕೂಡ್ಲೆ ಎಲ್ಲರೂ ‘ಹೂಂನ್ರಿ’ ಅಂತಾರ. ಹಿಡಿದ ಉಸಿರು ಅಲ್ಲೇ ಹೋತು. ನಿನ್ನೆ ನಾಗಕ್ಕ ಅಂತ ಒಂದು ಅಜ್ಜಿ, ‘ಹಿಡಿದೀನಪ್ಪಾ, ನಿಂದು ಊಟ ಆತೇನು’ ಅಂತ ಮೆಷಿನ್‌ನ ಕೇಳಿದ್ಲು.”

ಇಷ್ಟು ವರ್ಷ ಬೀದಿ ಬೀದಿಯಲ್ಲಿ ಕೂಗಿದ್ದೇನೆ. ಊಟ ಆಯಿತೇ ಎಂದು ಯಾರೂ ಕೇಳಿರಲಿಲ್ಲ.

“ಮಾತಾಡಬ್ಯಾಡ್ರಿ” ಎಂದು ಸೇರಿಸಿ ಹೊಸದಾಗಿ ಕಳಿಸಿದೆ. ಇದ್ದದ್ದು ಒಂದು ಸಾಲು. ಕೆಮ್ಮು ಬಿಡದೆ ಮಧ್ಯಾಹ್ನವಾಯಿತು. ಫೋನಿನಲ್ಲೇ ಕೆಮ್ಮು ಕೇಳಿ ಶಾಂತಕುಮಾರಿ, “ಒಂದು ಎಕ್ಸ್‌ರೇ ತೆಗೆಸ್ರಿ ಅಣ್ಣಾರ.”

“ಶುಂಠಿ ಕಷಾಯ ಕುಡೀತಿದೀನಿ.”

“ಕಷಾಯ ಎದಿಯೊಳಗ ಇಣುಕಿ ನೋಡಂಗಿಲ್ರಿ.”

ಮಾರ್ಚ್ 3
ದನಿ ಒಡೆದು ಎಷ್ಟೋ ದಿನವಾಯಿತು. ಗರಗರ. ಬಡೇಸಾಬ್ ಬಂದು ನಿಂತ, ಕೂರಲಿಲ್ಲ.

“ಬೇಜಾರ್ ಮಾಡ್ಕೋಬ್ಯಾಡಣ್ಣಾ. ಆವರಗೆರೆಯಾಗ ನಿನ್ನ ಕೂಲರ್ ಮೇಳದ ರೆಕಾರ್ಡ್ ಹಾಕಿದ್ನಿ. ಒಬ್ಬಾಕಿ ಆಟೋ ನಿಲ್ಲಿಸಿ ‘ಯಾರು ತೀರ್ಕೊಂಡ್ರಪ್ಪಾ’ ಅಂದ್ಲು.”

ನಕ್ಕೆ. ನಗು ಬರಲಿಲ್ಲ, ಗಾಳಿ ಬಂತು.

ಮಾರ್ಚ್ 6
ಗಂಟಲ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಗಂಟಲಲ್ಲಿ ಏನೂ ಇಲ್ಲ, ಆದರೆ ಎಡಗಡೆಯ ಧ್ವನಿತಂತು ಅಲುಗುತ್ತಿಲ್ಲ. ಅದನ್ನು ಆಡಿಸುವ ನರ ಎದೆಗೆ ಇಳಿದು, ತಿರುಗಿ ಗಂಟಲಿಗೆ ಬರುತ್ತದಂತೆ. ಹರಿಹರಕ್ಕೆ ಹೋಗಿ ವಾಪಸ್ ದಾವಣಗೆರೆಗೆ ಬರುವ ಬಸ್ಸಿನಂತೆ. ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ.

“ಸೇದ್ತೀರಾ?”

“ಇಲ್ರಿ. ಅಪ್ಪ ಸೇದ್ತಿದ್ರು. ನಾನು ಪಕ್ಕ ಕೂತಿರ್ತಿದ್ದೆ.”

ಅಲ್ಲೇ ಎಕ್ಸ್‌ರೇ. ಹೃದಯಕ್ಕಿಂತ ಸ್ವಲ್ಪ ಮೇಲೆ ಒಂದು ಬಿಳಿ ಉಂಡೆ. ಎಕ್ಸ್‌ರೇಯಲ್ಲಿ ಗಾಳಿಯಿದ್ದಲ್ಲಿ ಕಪ್ಪು, ಗಟ್ಟಿಯಿದ್ದಲ್ಲಿ ಬಿಳಿ. ಕಪ್ಪಿದ್ದರೆ ಒಪ್ಪು, ಬಿಳಿಯಿದ್ದರೆ ತಪ್ಪು. ಬೇಡವೆಂದರೂ ಪ್ರಾಸ ಬರುತ್ತದೆ, ಹಾಳಾದ್ದು.

ಸಿ.ಟಿ. ಆಗಬೇಕು. ಹೆಂಡತಿ ರೂಪಶ್ರೀಗೆ ಹೇಳಿಲ್ಲ. ಹರಿಹರದಲ್ಲಿ ಆರ್ಡರ್ ಐತೆ ಅಂದೆ.

ಮಾರ್ಚ್ 8, ಸಂಜೆ
ಮುಂಗೈಗೆ ಸೂಜಿ ಚುಚ್ಚಿ, ಮಲಗಿಸಿ, ಶಾಂತಕುಮಾರಿ ಗಾಜಿನ ಆಚೆ ಹೋದಳು. ಹಲಗೆ ಒಳಗೆ ಸರಿಯಿತು. ಮೇಲಿನಿಂದ ಯಾರೋ “ಉಸಿರು ಎಳ್ಕೊಳ್ರಿ” ಎಂದ.

ಯಾರೋ ಏನು... ನಾನೇ. ಜನವರಿಯವನು. ಕಂಚಿನಂಥ ದನಿ, ಬೇರೆಯವರದ್ದಾದರೆ ಹೊಗಳುತ್ತಿದ್ದೆ. ಎಳೆದೆ. “ಹಂಗೇ ಹಿಡ್ಕೊಳ್ರಿ, ಮಾತಾಡಬ್ಯಾಡ್ರಿ.” ಹಿಡಿದೆ. ಅವನು ಸುಮ್ಮನಾದ. ಸುಮ್ಮನೇ ಇದ್ದ. ಬಿಡ್ರಿ ಅನ್ನು ಮಾರಾಯ ಎಂದು ಒಳಗೇ ಬೇಡಿಕೊಂಡೆ. ಅವನಿಗೆ ಆರಾಮಾಗಿ ಆಗುತ್ತಿದ್ದಷ್ಟು ಹೊತ್ತು ಇಟ್ಟಿದ್ದಾನಲ್ಲ! ಕೆಮ್ಮು ಒದ್ದುಕೊಂಡು ಬಂತು. ಚಿತ್ರ ಮಸುಕು. ಮತ್ತೊಮ್ಮೆ. ಮತ್ತೂ ಮಸುಕು.

ಕೊನೆಗೆ ಶಾಂತಕುಮಾರಿ ಅವನನ್ನು ನಿಲ್ಲಿಸಿ, ತಾನೇ ಮೈಕಿನಲ್ಲಿ ಬೇಗ ಬೇಗ ಹೇಳಿ ಮುಗಿಸಿದಳು. ಹೊರಬಂದಾಗ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ರಿಪೋರ್ಟು ಡಾಕ್ಟ್ರು ಹೇಳ್ತಾರ್ರಿ.” ನೀರಿನ ಬಾಟಲಿ ಕೊಟ್ಟಳು, ಮುಚ್ಚಳ ತೆಗೆದು.

ಮಾರ್ಚ್ 10
ಗಡ್ಡೆ. ನರವನ್ನು ಒತ್ತಿಕೊಂಡು ಕೂತಿದೆ. ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು.

ಮನೆಗೆ ಬಂದು ಹೇಳಲು ಬಾಯಿ ತೆರೆದೆ. ರೂಪಶ್ರೀ ಅವರೆಕಾಯಿ ಸುಲಿಯುತ್ತಿದ್ದಳು.

“ಮುಂಗೈಗೆ ಪಟ್ಟಿ ಅಂಟಿಸಿ ಕಳಿಸೋ ಆರ್ಡರ್ ಯಾವ ಅಂಗಡೀದ್ರಿ?” ಮೊನ್ನೆಯೇ ನೋಡಿದ್ದಾಳೆ. “ಎರಡು ದಿನ ಕಾದೆ. ಊರಿಗೆಲ್ಲ ಕೂಗಿ ಹೇಳೋ ಮನುಷ್ಯ, ನನಗ ಹೇಳಾಕ ಏನಾಗಿತ್ತು?”

ಹೇಳಿದೆ. ಬುಟ್ಟಿ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿ ಬಿಟ್ಟ ಸದ್ದು.

ಮಾರ್ಚ್ 27
ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆ. ಕಿಮೋ ಕೊಟ್ಟು ನೋಡುತ್ತಾರೆ, ಕರಗಿದರೆ ದಿನ ಸಿಗುತ್ತವೆ. ದನಿ ಬರುತ್ತದೆಯೇ ಎಂದು ಕೇಳಿದೆ. ಡಾಕ್ಟರು ರೂಪಶ್ರೀಯ ಕಡೆ ನೋಡಿ, “ಮೊದಲು ಜೀವ ನೋಡೋಣ್ರಿ” ಎಂದರು.

ಯುಗಾದಿ ಸೇಲ್ ಆರ್ಡರ್ ವಾಪಸ್ ಕಳಿಸಿದೆ. ಬಡೇಸಾಬ್ ಹೋದ ವರ್ಷದ್ದೇ ಹಾಕಿಕೊಂಡು ತಿರುಗುತ್ತಿದ್ದಾನೆ. ನಮ್ಮ ರಸ್ತೆಗೆ ಬಂದಾಗ ಮಾತ್ರ ಆಫ್ ಮಾಡುತ್ತಾನೆ.

ಏಪ್ರಿಲ್ 22
ಕೂದಲು ಹೋಯಿತು. ವಾಂತಿ. ಬಾಯಿ ರುಚಿ ಇಲ್ಲ, ಬರೆಯಲು ಮನಸ್ಸಿಲ್ಲ. ನೋಡು, ಪ್ರಾಸವೂ ಇಲ್ಲ.

ಜೂನ್ 14
ಔಷಧಿ ಹತ್ತಿದೆಯೋ ಇಲ್ಲವೋ ನೋಡಲು ಮತ್ತೆ ಸಿ.ಟಿ. ರೂಪಶ್ರೀಯೂ ಬಂದಳು. ಬಸ್ಸಿನಲ್ಲಿ ನನ್ನ ಬ್ಯಾಗು ಅವಳ ತೊಡೆಯ ಮೇಲೆ, ಅದರ ಮೇಲೆ ನನ್ನ ಕೈ.

ಯಂತ್ರದೊಳಗಿನ ಜನವರಿಯವನು ಎಲ್ಲರಿಗೂ ಇನ್ನೂ ಹೇಳುತ್ತಿದ್ದಾನೆ. ನನ್ನ ಸರದಿಯಲ್ಲಿ ಅವನನ್ನು ಬಂದ್ ಮಾಡಿ, ಶಾಂತಕುಮಾರಿ ರೂಪಶ್ರೀಯನ್ನು ಗಾಜಿನ ಆಚೆ ಮೈಕಿನ ಮುಂದೆ ಕೂರಿಸಿದಳು. “ಅವರ ಉಸಿರು ನಿಮಗೇ ಗೊತ್ತಲ್ರಿ ಅಕ್ಕಾರ. ನಾ ಕೈ ಮಾಡ್ತೀನಿ, ನೀವು ಹೇಳ್ರಿ.”

“ಎಳ್ಕೊಳ್ರಿ,” ಎಂದಳು. ಮೈಕಿನಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. “ಹಿಡ್ಕೊಳ್ರಿ... ಸ್ವಲ್ಪಾ... ಇನ್ನೊಂದೀಟು... ಸಾಕು ಬಿಡ್ರಿ, ಸಾಕು.” ಒಂದೇ ಸಲಕ್ಕೆ ಬಂತು. ಸ್ಪಷ್ಟ ಚಿತ್ರ.

ಜೂನ್ 17, ಮಧ್ಯಾಹ್ನ
ಸ್ಪಷ್ಟವಾಗಿಯೇ ಕಂಡಿತು. ಕರಗಿಲ್ಲ. ದೊಡ್ಡದಾಗಿದೆ. ಬಲಗಡೆಯೂ ಚುಕ್ಕೆಗಳು. ಡಾಕ್ಟರು ಇನ್ನೊಂದು ಔಷಧಿಯ ಹೆಸರು ಹೇಳಿದರು, ಆದರೆ ಬರೆದುಕೊಡುವ ಅವಸರ ತೋರಲಿಲ್ಲ. ಈಗ ಪಿಸುಮಾತು ಮಾತ್ರ ಉಳಿದಿದೆ. ಅದೂ ಸಂಜೆಗೆ ಇರುವುದಿಲ್ಲ.

ರೂಪಶ್ರೀ ಊಟದ ತಟ್ಟೆ ಎತ್ತಿದವಳು ಬಂದು ಬೀರು ತೆರೆದಳು. ಸೀರೆಗಳನ್ನು ಆಚೀಚೆ ಸರಿಸಿ ಜಾಗ ಮಾಡಿ, ಮುಂದೆ ಕುರ್ಚಿ ಎಳೆದಳು. ನನ್ನ ಮೊಬೈಲು ಕೈಗಿಟ್ಟಳು.

“ಎಲ್ಲಾ ಹುಡುಕಿದೆ. ಸೀರೆ ಸೇಲು, ಕೂಲರು, ಕುಕ್ಕರು, ಸರ್ಕಸ್ಸು. ಮನೆಯಾಗ ಇಟ್ಕೊಳ್ಳಾಕ ನಿಮ್ಮದು ಒಂದು ಮಾತಿಲ್ಲ.”

“ಏನು ಹೇಳ್ಲಿ?”

“ಏನಾರ ಹೇಳ್ರಿ. ಪ್ರಾಸ ಬ್ಯಾಡ.”

ಬಾಗಿಲು ಎಳೆದುಕೊಂಡು ಹೋಗಿದ್ದಾಳೆ. ಆಚೆ ನಿಂತಿದ್ದಾಳೆ, ಗೊತ್ತು. ಬರೆದದ್ದು ನೋಡದೆ ಹೇಳುವುದು ನನಗೆ ಎಂದೂ ಬಂದಿಲ್ಲ, ಮೊದಲು ಬರೆದುಕೊಳ್ಳಬೇಕು. ಇಲ್ಲೇ ಬರೆದು ಓದುತ್ತೇನೆ.

ರೂಪಾ, ನಾನು