ಕುರಿಗೆ ಹಾಕಿ ನೋಡಿದ ಕವಾಟ

ಪಕೀರಕ್ಕಾ,

ನಿನ್ನ ಮಗಳು ಅಂಬಿಕಾಳನ್ನು ಇವತ್ತು ರಾಯಚೂರಿನ ಹೃದಯದ ಡಾಕ್ಟರಿಗೆ ತೋರಿಸಿದೆ. ನಿನಗಿದ್ದ ತೊಂದರೆಯೇ ಅವಳಿಗೂ, ಕವಾಟ ಬದಲಿಸಬೇಕಂತೆ. ಹೊಸ ಕವಾಟವನ್ನು ಮೊದಲು ಕುರಿಗಳಿಗೆ ಹಾಕಿ ನೋಡಿದ್ದಾರೆ ಎಂದು ಡಾಕ್ಟರು ಹೇಳಿದರು.

ಕುರಿ ಕಾಯ್ದವಳ ಮಗಳು, ಬಿಡುತ್ತಾಳೆಯೇ? "ಕುರಿ ಸಾಯೋ ತನಕ ಮೇಯತದರೀ, ಜಡ್ಡು ತೋರಿಸಂಗಿಲ್ಲ. ಅದಕ್ಕ ಆರಾಮ ಆತಂತ ನಿಮಗ ಯಾರು ಹೇಳಿದ್ರು?"

ಡಾಕ್ಟರು ನಕ್ಕರು. "ಖರೇ ಅದವ್ವಾ. ಅದಕ್ಕ ಐದು ತಿಂಗಳು ಬಿಟ್ಟು ಕೊಯ್ದು ನೋಡ್ತಾರ. ಎಳೇ ಕುರಿಯೊಳಗ ಕವಾಟ ನಮಗಿಂತ ಲಗೂನ ಗಡಸು ಆಗತದ. ಅಲ್ಲೇ ಕೆಡದಂಗ ತಡಕೊಂಡ್ರ ನಮಗ ಧೈರ್ಯ. ನಿನ್ನೊಳಗ ಎಷ್ಟು ವರ್ಷ ಬರತದ ಅನ್ನೋದನ್ನ ಕುರಿ ಹೇಳಂಗಿಲ್ಲ. ಹಾಕಿಸ್ಕೊಂಡ ಮಂದಿನ್ನ ನೋಡೇ ತಿಳಿಬೇಕು. ಭಾಳ ಮಂದಿಗೆ ಹತ್ತು ವರ್ಷ ಬಂದದ."

ಅವಳು ನನ್ನ ಕಡೆ ತಿರುಗಿದಳು. "ಮಾವಾ, ನೀ ಏನಂತಿ?"

ನೀನೂ ಅಂದು ಇಲ್ಲೇ ಹೀಗೇ ಕೇಳಿದ್ದೆ, ಅಕ್ಕಾ. "ಕುರಿಗೆ ಒಗ್ಗಿದ್ದು ಮನುಷ್ಯಾಗ ಒಗ್ಗತದೇನು? ನಡಿ ಮನಿಗೆ" ಎಂದು ನಿನ್ನನ್ನು ನಗಿಸಿ, ದೇವದುರ್ಗದ ಬಸ್ಸು ಹತ್ತಿಸಿದ್ದೆ. ಆ ಮಾತು ಹೇಳಿ ಊರನ್ನೂ ನಗಿಸಿದೆ, ನೀನು ಕಣ್ಣು ಮುಚ್ಚುವ ತನಕ.

ಇವತ್ತು, "ನಾ ಏನೂ ಅನ್ನಂಗಿಲ್ಲವ್ವಾ, ಅವರನ್ನೇ ಇನ್ನೂ ಕೇಳು" ಎಂದೆ. ಅರ್ಧ ಗಂಟೆ ಕೇಳಿದಳು. ಆಮೇಲೆ ಸಹಿ ಹಾಕಿದಳು.

ಸೋಮವಾರ ಆಪರೇಷನ್. ಅಂದು ನಿನಗಾಗಿ ಕೂರಬೇಕಿದ್ದ ಆಸ್ಪತ್ರೆಯ ಬೆಂಚಿನ ಮೇಲೆ ಇವತ್ತು ಕೂತಿದ್ದೇನೆ.

ನಿನ್ನ ತಮ್ಮ,
ಆದೆಪ್ಪ