ಸ್ಫಿಂಕ್ಸ್ ಬಗ್ಗೆ ಲೋಕೇಶ್ ಹೇಳಿದ್ದು

ಜುಲೈ 14, ಸೋಮವಾರ
ಇವತ್ತು ನೂರ ನಲವತ್ತು ವಿಡಿಯೊ. ಕಣ್ಣುರಿ. ಮಲೇಷ್ಯಾದ ಸೈಬರ್‌ಜಯಾದ ಈ ಆಫೀಸಿನಲ್ಲಿ ಕನ್ನಡದ ವಿಡಿಯೊ ಪರೀಕ್ಷಿಸಲು ಇಬ್ಬರೇ — ನಾನು, ಭಟ್ಕಳದ ಜುಹೈಬ್. ಯಾವುದು ಸುಳ್ಳು, ಯಾವುದನ್ನು ಬಿಡಬಹುದು... ದಿನವಿಡೀ ಇದೇ.

ಮನೆಗೆ ಬಂದರೆ ಲೋಕೇಶ್ ಬಾಗಿಲು ಹಾಕಿಕೊಂಡು ತಮ್ಮ ವಿಡಿಯೊ ಚಾನೆಲ್‌ಗೆ ರೆಕಾರ್ಡಿಂಗ್. ಕೆಲಸ ಹೋಗಿ ಎಂಟು ತಿಂಗಳು. ಈಗ ಗಂಡನಿಗೆ ಈಜಿಪ್ಟ್ ಹುಚ್ಚು. ಊಟಕ್ಕೆ ಕುಳಿತರೂ ಅದೇ.

"ಸ್ಫಿಂಕ್ಸ್ ಯಾರು ಕೆತ್ತಿಸಿದ್ದು ಅಂತ ಆ ಕಾಲದ ಒಂದು ಶಾಸನಾನೂ ಇಲ್ಲ ಕಣೇ. ಒಂದೂ!"

ಮಗಳು ಇಂಚರ ತಟ್ಟೆಯಿಂದ ತಲೆ ಎತ್ತಲಿಲ್ಲ. "ಓಕೆ ಲಾ, ಅಪ್ಪ," ಅಂದಳು, ಇಲ್ಲಿಯ ಮಲಯ ಧಾಟಿಯಲ್ಲಿ.

ಆದರೂ ಲೋಕೇಶ್ ಮುಖದಲ್ಲಿ ಕಳೆ. ನೋಡಿ ಎಷ್ಟು ದಿನವಾಗಿತ್ತು.

ಜುಲೈ 17, ಮಧ್ಯಾಹ್ನ 3
ಹೆಡ್‌ಫೋನಿನಲ್ಲಿ ಲೋಕೇಶ್ ದನಿ. ಮೊದಲ ಆರು ನಿಮಿಷ ಚೆನ್ನಾಗಿದೆ: ಒಂದೇ ಬಂಡೆಯಲ್ಲಿ ಕಡೆದ ಸಿಂಹದ ಮೈ, ಅದರ ಮೇಲಿನ ಕೊರಕಲು, ಅದು ಮಳೆಯಿಂದಾದದ್ದೋ ಗಾಳಿಯಿಂದಾದದ್ದೋ ಎಂಬ ತಜ್ಞರ ಜಗಳ. ಆಮೇಲೆ — "ಹೋದ ತಿಂಗಳು ಸಿಕ್ಕ ಶಾಸನ" ಎಂದು ಫೋಟೊ. ಹನ್ನೆರಡು ಸಾವಿರ ವರ್ಷ ಹಳೆಯದಂತೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಅವರು ಅದನ್ನು ಮಾಡುವಾಗ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ.

ಮನೆಯವರದ್ದು ಬಂದರೆ ಮುಟ್ಟಬಾರದು, ರೂಲ್ಸ್. ಜುಹೈಬ್‌ಗೆ ಕೊಡಬೇಕಿತ್ತು. ಅವನಿಗೆ ತೋರಿಸಲು ನಾಚಿಕೆ. ನಾನೇ ಡಿಲೀಟ್ ಒತ್ತಿದೆ.

ಜುಲೈ 18
ಲೋಕೇಶ್ ಊಟ ಮಾಡಲಿಲ್ಲ. "ನಲವತ್ತು ಸಾವಿರ ಜನ ನೋಡಿದ್ರು ಚಾಮು. ಯಾವನೋ ಕೂತ್ಕೊಂಡು ತೆಗ್ದ."

ಹೂಂ ಅಂದೆ.

ಜುಲೈ 22
ವಿಡಿಯೊ ತೆಗೆದದ್ದಕ್ಕೆ ಲೋಕೇಶ್ ಅಪೀಲು. ಅದೂ ನನ್ನ ಕಂಪ್ಯೂಟರಿಗೇ ಬರಬೇಕೆ!

"ಫೋಟೊ ನಾನೇ ಮಾಡಿದ್ದು. ತಪ್ಪಾಯಿತು. ಚಾನೆಲ್ ಮುಚ್ಚಬೇಡಿ. ಬೆಳಗ್ಗೆ ಹೆಂಡತಿ, ಮಗಳು ಹೋದ ಮೇಲೆ ನನ್ನ ಜೊತೆ ಮಾತಾಡುವವರು ಈ ಜನ ಮಾತ್ರ."

ಎರಡು ಸಲ ಓದಿದೆ. ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎದ್ದು ಹೋಗಿ ಜುಹೈಬ್‌ಗೆ ಎಲ್ಲ ಹೇಳಿದೆ.

"ಅಕ್ಕಾ, ಮೊದ್ಲೇ ಹೇಳ್ಬೇಕಿತ್ತು. ಮ್ಯಾನೇಜರ್‌ಗೂ ಗೊತ್ತಾಗ್ಬೇಕು."

"ಹೇಳ್ತೀನಿ. ಇದನ್ನ ನೀನೇ ನೋಡು."

ಜುಲೈ 25, ಶುಕ್ರವಾರ
ಜುಹೈಬ್ ತೀರ್ಪು: ವಿಡಿಯೊ ವಾಪಸ್ ಇಲ್ಲ, ಚಾನೆಲ್ ಉಳಿಯಿತು. ನನಗೆ ವಾರ್ನಿಂಗ್ ಲೆಟರ್.

ಸಂಜೆ ಲೋಕೇಶ್ ಕರೆದೊಯ್ಯಲು ಬಂದಾಗ ಕಾರಿನಲ್ಲೇ ಹೇಳಿಬಿಟ್ಟೆ — ತೆಗೆದದ್ದು ನಾನು. ತಮಿಳು ಮುಸ್ಲಿಮರ ಮಾಮಾಕ್ ಟೀ ಹೋಟೆಲಿನ ಮುಂದೆ ಕಾರು ನಿಲ್ಲಿಸಿದರು. ಎಂಜಿನ್ ಆರಿಸಿದರು.

"ತೆಗ್ದಿದ್ದು ಸರಿನೇ," ಅಂದರು. ಆಮೇಲೆ, "ಅಪೀಲೂ ಓದಿದ್ಯಾ?"

"ಓದ್ದೆ."

ಕಿಟಕಿಯ ಕಡೆ ತಿರುಗಿಕೊಂಡರು.

"ನಂಗೆ ಹೇಳಿ," ಅಂದೆ. "ಆ ಬಂಡೆ, ಆ ಕೊರಕಲು... ಮೊದಲಿಂದ."

"ಈಗ್ಲಾ? ಸುಸ್ತಾಗಿದ್ದೀಯ."

"ಈಗ್ಲೇ."

ಎರಡು ಟೀ ತಂದರು. ಮೆಲ್ಲಗೆ ಶುರು ಮಾಡಿದರು. ನನಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಆದರೂ ಕೇಳಿದೆ. ನಡುವೆ ಒಂದು ಪ್ರಶ್ನೆಯನ್ನೂ ಹಾಕಿದೆ.